ಪಕ್ಕಕ್ಕೆ ಬಂದು ನಿಲ್ಲು

ಫೆಬ್ರವರಿ 9

ಅಕ್ಕಾ,

ನಿನ್ನ ಕಾಗದ ಬಂತು. ನಿನಗೆ ಮೂರು ತಿಂಗಳು ಎಂದು ಓದಿದ ಅಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಹೋಗಿ ಹೇಳಿ ಬಂದರು. ಅಮ್ಮ ಇದ್ದಿದ್ದರೆ ಇಡೀ ಬೀದಿಗೇ ಹೇಳುತ್ತಿದ್ದಳು ಬಿಡು. ನಿನ್ನನ್ನು ನೋಡಬೇಕು ಅನಿಸುತ್ತಿದೆ ಕಣೇ. ಮದುವೆಯಾಗಿ ಎರಡು ವರ್ಷವಾಯಿತು, ಒಂದು ಸಲವಾದರೂ "ಬಾರೇ" ಎಂದು ಕರೆದಿದ್ದೀಯಾ? ಅಷ್ಟು ದೊಡ್ಡ ಮನೆಯಂತೆ, ನನಗೊಂದು ಚಾಪೆ ಹಾಸುವಷ್ಟು ಜಾಗವಿಲ್ಲವೇ? ತಮಾಷೆಗೆ ಕೇಳಿದೆ, ಮುಖ ಊದಿಸಿಕೊಳ್ಳಬೇಡ.

ನನ್ನದೂ ಒಂದು ಸುದ್ದಿ ಇದೆ. ನಮ್ಮ ಕೃತಕ ಕೈಕಾಲುಗಳ ಕಾರ್ಖಾನೆಗೆ ಒಬ್ಬ ಹೆಂಗಸು ಬರುತ್ತಾಳೆ. ಅವರದು ಪ್ರಿಂಟಿಂಗ್ ಪ್ರೆಸ್ಸು, ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಮಣಿಕಟ್ಟಿನವರೆಗೆ ಹೋಗಿದೆ. ನಾವೆಲ್ಲ ಅವಳನ್ನು ಹಿಂದಿನಿಂದ ಕೈಯಮ್ಮ ಅನ್ನುತ್ತೇವೆ. ನನ್ನ ಕೆಲಸ ನಿನಗೆ ಗೊತ್ತಲ್ಲ, ರಬ್ಬರಿನ ಕೈಗೆ ಬಣ್ಣ ಹಾಕುವುದು. ಉಳಿದಿರುವ ಕೈಯನ್ನು ಕಿಟಕಿಯ ಬೆಳಕಿನಲ್ಲಿ ಇಡಿಸಿಕೊಂಡು, ಅದಕ್ಕೆ ಸರಿಯಾಗಿ ಬಣ್ಣ ಕಲಸಿ, ನರ, ಗೆಣ್ಣು, ಉಗುರು ಎಲ್ಲ ಬರೆಯಬೇಕು. ನನ್ನಷ್ಟೇ ಕಪ್ಪಗಿದ್ದಾಳೆ ಆ ಹೆಂಗಸು, ಒಂದು ಗುಲಗಂಜಿ ಹೆಚ್ಚೇ ಇರಬಹುದು. ಸರಿಯಾಗಿ ಹೊಂದಿಸಿ ಕೊಟ್ಟೆ. ನೋಡಿದವಳೇ ಕಣ್ಣು ಕೆಂಪಗೆ ಮಾಡಿ, "ಇದೇನಮ್ಮಾ ಇದು, ನಿನ್ನ ಕೈ ನೋಡ್ಕೊಂಡು ಮಾಡಿದ್ಯಾ?" ಅಂದಳು! ವಾಪಸ್ಸು. ತಿಳಿ ಮಾಡಿದೆ. ಮತ್ತೆ ವಾಪಸ್ಸು. ಮೇಸ್ತ್ರಿ ತಲೆ ಚಚ್ಚಿಕೊಂಡು, "ಗಿರಾಕಿ ಕೇಳಿದ್ದು ಕೊಡು ತಾಯಿ, ನಮಗ್ಯಾಕೆ" ಅಂದರು. ಕೊನೆಗೆ ಸುಣ್ಣ ಬಳಿದ ಗೋಡೆಯಂಥ ಬಣ್ಣ ಹಾಕಿಕೊಟ್ಟೆ. ಈಗ ಒಂದು ಕೈ ಕಪ್ಪು, ಒಂದು ಕೈ ಬಿಳಿ. ಮಾತಾಡುವಾಗ ಬಿಳಿಯದನ್ನೇ ಮುಂದೆ ಮಾಡಿಕೊಂಡು ಕೂರುತ್ತಾಳೆ.

ಈ ಕೈಯಮ್ಮನ ಮಗ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ತಾಯಿ ನನ್ನನ್ನು ಬೈಯುವಾಗೆಲ್ಲ ನೆಲ ನೋಡಿಕೊಂಡು ನಗು ತಡೆದುಕೊಳ್ಳುತ್ತಿದ್ದರು. ಮೊನ್ನೆ ಒಬ್ಬರೇ ಬಂದು, "ನಮ್ಮನೇಲಿ ಕಾಗದ ಬಿಟ್ರೆ ಬೆಳ್ಳಗಿರೋದು ಈಗ ಅಮ್ಮನ ಆ ರಬ್ಬರ್ ಕೈ ಒಂದೇ. ನಿಮ್ಮ ಅಪ್ಪನ ಹತ್ರ ಬಂದು ಮಾತಾಡ್ಲಾ?" ಅಂದರು. ಅಷ್ಟೇ. ನಾನು ಕೈಯಲ್ಲಿದ್ದ ಹೆಬ್ಬೆರಳಿಗೆ ಎರಡು ಉಗುರು ಬರೆದುಬಿಟ್ಟೆ.

ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ನನಗೆ ಇಷ್ಟ ಅಕ್ಕ. ತುಂಬಾ ಇಷ್ಟ.

ಪುಟ್ಟಿ


ಫೆಬ್ರವರಿ 20

ನನ್ನ ಪುಟ್ಟಿ,

ಓದಿ ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ಕೋಣೆಯಲ್ಲಿ ಕುಳಿತು ಅತ್ತೆ. ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದಾರೆ. ನಮ್ಮ ಅತ್ತೆ ನನ್ನನ್ನು ಬಿಸಿಲಿಗೇ ಬಿಡುವುದಿಲ್ಲ. "ನಿನ್ನ ಬಣ್ಣಾನೇ ಮಗೂಗೆ ಬರ್ಬೇಕು" ಎಂದು ಬಂದವರೆದುರೆಲ್ಲ ಹೇಳುತ್ತಾರೆ.

ಕರೆದಿಲ್ಲ ಅಂದೆಯಲ್ಲ, ಮನಸ್ಸಿಗೆ ಚುಚ್ಚಿತು. ಕರೆಯಬೇಕೆಂದೇ ಇದ್ದೇನೆ. ಈ ಮನೆಯ ರೀತಿಯೇ ಬೇರೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಈಗ ನಾನು ಹೇಳುವುದನ್ನು ಕಿವಿಗೊಟ್ಟು ಕೇಳು, ಅಮ್ಮ ಇಲ್ಲದ ಮೇಲೆ ನಾನೇ ಹೇಳಬೇಕಲ್ಲ. ಅವರು ನೋಡಲು ಬಂದಾಗ ಕಿಟಕಿಯ ಪಕ್ಕ ಕೂರಬೇಡ. ದೀಪದ ನೇರಕ್ಕೂ ಬೇಡ. ಹಳದಿ, ಬಿಳಿ ಎರಡೂ ಉಡಬೇಡ. ಮುಖಕ್ಕೆ ಪೌಡರ್ ಮೆತ್ತಿಕೊಳ್ಳಬೇಡ, ಬೂದಿ ಬಿದ್ದ ಹಾಗೆ ಕಾಣುತ್ತೆ. ಜಾಸ್ತಿ ನಗಬೇಡ, ನಕ್ಕರೆ ಹಲ್ಲಷ್ಟೇ ಎದ್ದು ಕಾಣುತ್ತದೆ. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಅವರು ನಮ್ಮ ಕಡೆಯವರನ್ನು ವಿಚಾರಿಸುತ್ತೇವೆ ಅಂದರೆ ಚಿಕ್ಕಪ್ಪನ ವಿಳಾಸ ಕೊಡಿ. ಈ ಮನೆಯದು ಬೇಡ. ನಮ್ಮ ಅತ್ತೆ ಮುಂಗೋಪಿ, ಏನಾದರೂ ಅಂದುಬಿಟ್ಟಾರು.

ನಿನ್ನ ಅಕ್ಕ


ಮಾರ್ಚ್ 6

ಅಕ್ಕಾ,

ಬಂದರು, ನೋಡಿದರು, ಹೋದರು. ಕೇಳು ಕಥೆ.

ನಿನ್ನ ಮಾತಿನಂತೆ ಗೋಡೆಯ ಮೂಲೆಯಲ್ಲಿ ಕುಳಿತೆ. ಕೈಯಮ್ಮ ಬಿಡುತ್ತಾಳಾ? "ಇಲ್ಲಿ ಬಾಮ್ಮಾ, ಕಿಟಕಿ ಹತ್ರ" ಎಂದು ಕರೆದು ನನ್ನ ತೋಳು ಹಿಡಿದು ತನ್ನ ರಬ್ಬರಿನ ಕೈಯನ್ನು ಅದರ ಪಕ್ಕ ಇಟ್ಟಳು. "ನೀವೇ ನೋಡಿ, ನನ್ನ ಕೈಗೂ ಇವಳ ಕೈಗೂ ಎಷ್ಟು ವ್ಯತ್ಯಾಸ!" ಎಂದು ಅಪ್ಪನನ್ನು ಕೇಳಿದಳು. ನಾನು ಬಣ್ಣ ಹಾಕಿದ ಕೈ ಅಕ್ಕ ಅದು! ಆ ಕಿರುಬೆರಳಿನ ಗೆಣ್ಣು ಬರೆಯಲು ನಾನು ಒದ್ದಾಡಿದ್ದು ನನಗೇ ಗೊತ್ತು. ಮಗ ಮೆಲ್ಲಗೆ, "ಅಮ್ಮಾ, ಆ ಕೈ ಮಾಡಿದ್ದೇ ಇವರು" ಅಂದರು. "ಗೊತ್ತಪ್ಪಾ, ಕೆಲಸ ಚೆನ್ನಾಗಿ ಮಾಡ್ತಾಳೆ, ಇಲ್ಲ ಅಂದ್ನಾ ನಾನು?" ಎಂದಳು ಮಹಾತಾಯಿ. ಅಪ್ಪ ಬಿಸ್ಕತ್ತಿನ ತಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು, ಅಷ್ಟೇ ಅವರ ಪೌರುಷ.

ಆದರೆ ಮಗ ಬಾಯಿ ಬಿಟ್ಟು ಹೇಳಿದರು, "ನನಗೆ ಒಪ್ಪಿಗೆ" ಎಂದು. ತಾಯಿಗೆ ಆಗ ಬೇರೆ ದಾರಿ ಇರಲಿಲ್ಲ. ಒಂದು ಷರತ್ತು ಹಾಕಿದಳು: "ಇವಳಿಗೊಬ್ಬಳು ಅಕ್ಕ ಇದ್ದಾಳಂತೆ, ಹಾಲಿನಂಗೆ ಬೆಳ್ಳಗಂತೆ. ಇಬ್ರೂ ಒಂದ್ಸಲ ಪಕ್ಕಪಕ್ಕ ನಿಂತು ತೋರಿಸ್ಲಿ. ರಕ್ತದಲ್ಲಿ ಬಿಳುಪು ಇದೆ ಅಂತ ನನಗೆ ಖಾತ್ರಿಯಾದ್ರೆ ಸಾಕು. ಇವಳು ಹೋಗ್ಲಿ, ಮೊಮ್ಮಕ್ಕಳಾದ್ರೂ ಸುಧಾರಿಸ್ತವೆ." ಕುದುರೆ ವ್ಯಾಪಾರದಲ್ಲೂ ಇಷ್ಟು ವಿಚಾರಿಸುವುದಿಲ್ಲ. ಆದರೂ ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಯಾಕೆಂದರೆ ಅವರು ನನಗೆ ಬೇಕು.

ನಾವಿಬ್ಬರೂ ಜೊತೆಗಿರುವ ಫೋಟೋ ಒಂದೂ ಇಲ್ಲವಲ್ಲ ಅಕ್ಕ, ಹುಡುಕಿ ಹುಡುಕಿ ಸಾಕಾಯಿತು. ನಿನ್ನ ಮದುವೆಯ ದಿನ ನನ್ನನ್ನು ಬೀಗದ ಕೈ ಕೊಟ್ಟು ಉಗ್ರಾಣದಲ್ಲಿ ಕೂರಿಸಿದ್ದಿರಿ. ಹಾಗಾಗಿ ನೀನೇ ಬಾ. ಒಂದೇ ದಿನಕ್ಕೆ. ಬಂದು ನನ್ನ ಪಕ್ಕ ನಿಲ್ಲು, ಬಾಯಿ ಬಿಡುವುದೂ ಬೇಡ. ಚಿಕ್ಕಪ್ಪನ ವಿಳಾಸ ಕೊಡಲು ಹೋದೆ, ಅಷ್ಟರಲ್ಲಿ ಅಪ್ಪ ನಿಮ್ಮ ಮನೆಯ ಫೋನ್ ನಂಬರನ್ನೇ ಬರೆದುಕೊಟ್ಟಿದ್ದರು.

ಪುಟ್ಟಿ


ಮಾರ್ಚ್ 15

ಪುಟ್ಟಿ,

ನಾನು ಬರುವ ಹಾಗಿಲ್ಲ. ಡಾಕ್ಟರು ಹಾಸಿಗೆಯಿಂದ ಏಳಬೇಡಿ ಅಂದಿದ್ದಾರೆ. ರೈಲು, ಬಸ್ಸಿನ ಮಾತೇ ಇಲ್ಲ. ನಿನಗೆ ಸಹಾಯ ಮಾಡಲಾಗದಿದ್ದಕ್ಕೆ ಕ್ಷಮಿಸು. ಸ್ಟುಡಿಯೋದಲ್ಲಿ ತೆಗೆಸಿದ ನನ್ನ ಫೋಟೋ ಇಟ್ಟಿದ್ದೇನೆ, ಅದನ್ನೇ ತೋರಿಸು. ಬಣ್ಣ ಚೆನ್ನಾಗಿ ಬಂದಿದೆ.

ಅಪ್ಪ ನಂಬರ್ ಯಾಕೆ ಕೊಟ್ಟರು? ಅಷ್ಟು ಸ್ಪಷ್ಟವಾಗಿ ಬರೆದಿದ್ದೆನಲ್ಲ! ಫೋನು ಇರುವುದು ಹಜಾರದಲ್ಲಿ, ಎತ್ತುವುದು ನಮ್ಮ ಅತ್ತೆ. ಅವರು ಏನಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಯಸ್ಸಾಗಿದೆ, ಒಂದಕ್ಕೊಂದು ಸೇರಿಸಿ ಹೇಳುತ್ತಾರೆ.

ಅಕ್ಕ


ಏಪ್ರಿಲ್ 2

ಅಕ್ಕಾ,

ನಿನ್ನ ಅತ್ತೆ ಎಂಥ ಹೆಂಗಸೇ! ಅವಳ ಬಾಯಿಗೆ ಹುಳ ಬೀಳಲಿ. ನನ್ನನ್ನು ಬೈದರೆ ಬೈಯಿ, ಅಂದೇ ತೀರುತ್ತೇನೆ.

ಕೈಯಮ್ಮ ನಿನ್ನೆ ಕಾರ್ಖಾನೆಗೇ ಬಂದಿದ್ದಳು. ನಾವೆಲ್ಲ ಕೆಲಸಕ್ಕೆ ಕುಳಿತಿದ್ದೆವು. ಮೇಜಿನ ಮೇಲೆ ಒಣಗಲು ಇಟ್ಟ ಕೈಗಳನ್ನು ಪಕ್ಕಕ್ಕೆ ತಳ್ಳಿ, "ಏನಮ್ಮಾ, ಹೆತ್ತೋರು ಯಾರು ಅಂತಾನೇ ಗೊತ್ತಿಲ್ಲದೋಳು ನೀನು, ಮೊದಲೇ ಹೇಳೋದಲ್ವಾ? ನಿಮ್ಮಕ್ಕನ ಅತ್ತೇನೇ ಫೋನಲ್ಲಿ ಹೇಳಿದ್ರು. ನಮ್ಮ ಸೊಸೆಗೆ ತಂಗೀನೇ ಇಲ್ಲ, ಅದು ಅವರ ಮನೇಲಿ ಸಾಕ್ಕೊಂಡ ಹುಡುಗಿ ಅಂತ" ಅಂದಳು. ಎಲ್ಲರ ಕುಂಚಗಳೂ ನಿಂತುಬಿಟ್ಟವು. ನಾನು "ಸುಳ್ಳು, ಶುದ್ಧ ಸುಳ್ಳು" ಎಂದು ಕಿರುಚಿದೆ. "ಅಷ್ಟು ದೊಡ್ಡ ಮನೆಯೋರು ಸುಳ್ಳು ಹೇಳ್ತಾರಾ? ಕಪ್ಪು ಅಂದ್ರೆ ಸಹಿಸ್ಕೊಂಡೆ. ಯಾರ ರಕ್ತವೋ ಏನೋ ಅಂದ್ರೆ ಹೆಂಗಮ್ಮಾ?" ಅಂದಳು. ನಿನ್ನ ಫೋಟೋ ಮುಖದ ಮುಂದೆ ಹಿಡಿದೆ. ಅದನ್ನೂ ನನ್ನನ್ನೂ ನೋಡಿ, "ಇದು ನೋಡಿದ್ ಮೇಲಂತೂ ನಿಜ ಅನ್ಸುತ್ತೆ" ಎಂದು ಹೊರಟಳು.

ಅಕ್ಕ, ಕಾಗದ ಕೈಗೆ ಸಿಕ್ಕ ಕೂಡಲೇ ಪ್ರೆಸ್ಸಿಗೆ ಫೋನ್ ಮಾಡು. "ಅವಳು ನನ್ನ ಒಡಹುಟ್ಟಿದವಳು" ಎಂಬ ಒಂದು ಮಾತು ಸಾಕು. ನಿನ್ನ ಅತ್ತೆಗೆ ನನ್ನ ಮೇಲೆ ಯಾಕೆ ಈ ಹಗೆ? ನಾನು ಅವರ ಮನೆಗೆ ಕಾಲೇ ಇಟ್ಟಿಲ್ಲ. ಕೈಯಮ್ಮನ ಮಗ ಇನ್ನೂ ನನ್ನ ಪರವಾಗಿಯೇ ಇದ್ದಾರೆ, ತಾಯಿಯನ್ನು ಒಪ್ಪಿಸಲು ನಿನ್ನ ಆ ಒಂದು ಮಾತಿಗೆ ಕಾಯುತ್ತಿದ್ದಾರೆ. ನಂಬರ್ ಕೆಳಗೆ ಬರೆದಿದ್ದೇನೆ.

ಪುಟ್ಟಿ


ಏಪ್ರಿಲ್ 19

ಪ್ರೀತಿಯ ಪುಟ್ಟಿ,

ಮೈ ಸರಿ ಇರಲಿಲ್ಲ, ಅದಕ್ಕೇ ತಡ. ಕಾಲು ಊದಿದೆ. ಮಗು ಒದೆಯುತ್ತಿದೆ.

ಆ ವಿಷಯವನ್ನು ಬಹಳ ಯೋಚಿಸಿದೆ. ಈಗಲೇ ಇಷ್ಟು ಕಾಡುವ ಹೆಂಗಸು ಮುಂದೆ ನಿನ್ನನ್ನು ಬಾಳಿಸುತ್ತಾಳಾ ಹೇಳು? ಆಗುವುದೆಲ್ಲ ಒಳ್ಳೆಯದಕ್ಕೇ ಅಂದುಕೋ. ಇಲ್ಲಿ ನಿನ್ನ ಭಾವನಿಗೆ ಗೊತ್ತಿರುವ ಒಬ್ಬರಿದ್ದಾರೆ, ಔಷಧಿ ಅಂಗಡಿಯವರು. ಹೆಂಡತಿ ತೀರಿಕೊಂಡಿದ್ದಾಳೆ, ದೊಡ್ಡ ಮಕ್ಕಳು. ಅವರಿಗೆ ಬಣ್ಣದ ಬಗ್ಗೆ ತಕರಾರಿಲ್ಲ, ಮನೆ ನೋಡಿಕೊಳ್ಳುವವರು ಬೇಕು ಅಷ್ಟೇ. ನಿಧಾನವಾಗಿ ಯೋಚಿಸು.

ಫೋನ್ ಮಾಡುವುದಕ್ಕೆ ಸಮಯ ಸಿಗಲಿಲ್ಲ. ಹಜಾರದಲ್ಲಿ ಯಾವಾಗಲೂ ಜನ.

ಅಕ್ಕ


ಏಪ್ರಿಲ್ 27

ಅಕ್ಕ,

ನಿನ್ನ ಕಾಗದವನ್ನು ಅಪ್ಪನ ಮುಂದೆ ಹಿಡಿದು, "ಯಾಕೆ ಫೋನ್ ಮಾಡ್ಲಿಲ್ಲ ಅವಳು?" ಎಂದು ಕೇಳಿದೆ. ಅಪ್ಪ ಎದ್ದು ಹೋಗಿ ಕೊಳಾಯಿ ಬಿಟ್ಟು ಮುಖ ತೊಳೆದುಕೊಂಡರು. ಹಿಂದೆಯೇ ಹೋದೆ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೇ ಹೇಳಿದರು.

ನಿನ್ನನ್ನು ನೋಡಲು ಬಂದ ದಿನ ನಾನು ನೀರು ತಂದುಕೊಟ್ಟು ಒಳಗೆ ಹೋದೆನಂತೆ. ನಿನ್ನ ಅತ್ತೆ "ಇದು ಯಾರು?" ಅಂದರಂತೆ. ನೀನು ಒಂದು ಕ್ಷಣವೂ ತಡೆಯದೆ, "ನಮ್ಮನೇಲಿ ಸಾಕ್ಕೊಂಡಿರೋ ಹುಡುಗಿ, ಅವಳಿಗೆ ಯಾರೂ ಇಲ್ಲ" ಅಂದೆಯಂತೆ. ಅಪ್ಪ ಅಲ್ಲೇ ಕುಳಿತಿದ್ದರಂತೆ. ಸಂಬಂಧ ತಪ್ಪಿಹೋದೀತು ಎಂದು ಬಾಯಿ ಮುಚ್ಚಿಕೊಂಡರಂತೆ. ಎರಡು ವರ್ಷದಲ್ಲಿ ನೀನೇ ನಿಜ ಹೇಳಿರುತ್ತೀಯ ಅಂದುಕೊಂಡು ಕೈಯಮ್ಮನಿಗೆ ಆ ನಂಬರ್ ಕೊಟ್ಟರಂತೆ.

ಥೂ!

ಎರಡು ವರ್ಷ ನಾನು ನಿನಗೆ ಕಾಗದ ಬರೆದೆನಲ್ಲ, ಯಾರಿಗೆ ಬರೆದೆ? ನಿನ್ನ ಮದುವೆಯ ದಿನಗಳಲ್ಲಿ ನಾನು ಭಾವ ಎಂದಾಗಲೆಲ್ಲ ಆ ಮನುಷ್ಯ ಒಂಥರಾ ನಗುತ್ತಿದ್ದರು. ನಾಚಿಕೆ ಅಂದುಕೊಂಡಿದ್ದೆ. ಉಗ್ರಾಣದ ಬೀಗದ ಕೈ ಕೊಟ್ಟಾಗ ನನ್ನ ಮೇಲೆ ಎಷ್ಟು ನಂಬಿಕೆ ಎಂದು ಹೆಮ್ಮೆಯಿಂದ ಸೆರಗಿಗೆ ಕಟ್ಟಿಕೊಂಡು ಓಡಾಡಿದೆ. ನನ್ನಂಥ ಪೆದ್ದಿ ಯಾರಾದರೂ ಇದ್ದಾರಾ? ಹಾಸಿಗೆಯಿಂದ ಏಳಬೇಡ ಅಂದದ್ದು ಡಾಕ್ಟರಲ್ಲ, ನಿನ್ನ ಹೊಟ್ಟೆಯಲ್ಲಿರುವ ಭಯ. ನನ್ನನ್ನು ನೋಡಿದರೆ, ನಿನ್ನ ಮಗು ಹೀಗೂ ಆಗಬಹುದು ಎಂದು ಅವರಿಗೆ ತಿಳಿಯುತ್ತದೆ. ಅಷ್ಟೇ ತಾನೇ?

ಕೈಯಮ್ಮನ ಮಗ ಮೊನ್ನೆ ಕಾರ್ಖಾನೆಗೆ ಬಂದಿದ್ದರು. ಅರ್ಧ ಮುಗಿದ ಕಾಲುಗಳ ಮಧ್ಯೆ ನಿಂತುಕೊಂಡು, "ಅಮ್ಮಂಗೆ ಒಂದು ಕೈ ಹೋಗಿದೆ, ಅವಳ ಮನಸ್ಸನ್ನೂ ಮುರಿಯೋಕೆ ನನ್ನಿಂದ ಆಗಲ್ಲ" ಅಂದರು. ನಿನ್ನ ಒಂದು ಮಾತು ಇದ್ದಿದ್ದರೆ ಅವರಿಗೆ ಆಧಾರವಾಗುತ್ತಿತ್ತು. ಹೇಡಿಗಳಿಗೂ ಒಂದು ಆಧಾರ ಬೇಕಲ್ಲ. ಅವರಿಗೆ ಬೇರೆ ಹುಡುಗಿ ಗೊತ್ತಾಗಿದೆ. ಕೇಳಬೇಡ, ಬೆಳ್ಳಗೇ ಇದ್ದಾಳೆ.

ಔಷಧಿ ಅಂಗಡಿಯ ಮುದುಕನನ್ನು ನೀನೇ ಇಟ್ಟುಕೋ. ಇನ್ನು ಕಾಗದ ಬರೆಯಬೇಡ.


ಆಗಸ್ಟ್ 30

ಪುಟ್ಟಿ, ನನ್ನ ಬಂಗಾರ,

ಹರಿದು ಹಾಕಬೇಡ. ಕೊನೆಯವರೆಗೂ ಓದು, ನಿನ್ನ ಕಾಲಿಗೆ ಬೀಳುತ್ತೇನೆ.

ಹೆಣ್ಣು ಮಗು. ಹನ್ನೊಂದು ದಿನವಾಯಿತು. ಹುಟ್ಟಿದಾಗ ಕೆಂಪಗಿತ್ತು, ಅತ್ತೆ ಆಸ್ಪತ್ರೆಗೆಲ್ಲ ಸಿಹಿ ಹಂಚಿದರು. ದಿನ ಕಳೆದ ಹಾಗೆ ಬಣ್ಣ ಇಳಿಯಿತು. ಈಗ ನಿನ್ನ ಬಣ್ಣವೇ. ಕಿವಿಯ ತುದಿ, ಉಗುರಿನ ಬುಡ, ಎಲ್ಲ ನಿನ್ನದೇ. ಅತ್ತೆ ಮೊದಲು ನರ್ಸನ್ನು ಹಿಡಿದುಕೊಂಡು ಮಗು ಅದಲುಬದಲಾಗಿದೆ ಎಂದು ಗಲಾಟೆ ಮಾಡಿದರು. ಆ ದಿನ ಅಲ್ಲಿ ಬೇರೆ ಹೆರಿಗೆಯೇ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ಮಗ ಬೆಳ್ಳಗೆ, ನೀನು ಬೆಳ್ಳಗೆ, ಎರಡೂ ಕಡೆ ಎಲ್ಲರೂ ಬೆಳ್ಳಗೆ. ಇದು ಎಲ್ಲಿಂದ ಬಂತು? ಯಾರದು?" ಎಂದು ಕೇಳುತ್ತಾರೆ. ನಿನ್ನ ಭಾವ ಕೇಳುವುದೂ ಇಲ್ಲ. ಮಗುವನ್ನು ಎತ್ತಿಕೊಂಡೇ ಇಲ್ಲ. ಹೊರಗಿನ ಕೋಣೆಯಲ್ಲಿ ಮಲಗುತ್ತಾರೆ.

ನಿಜ ಹೇಳಿದೆ ಪುಟ್ಟಿ. ಎಲ್ಲ ಹೇಳಿದೆ. ನನಗೆ ಸ್ವಂತ ತಂಗಿ ಇದ್ದಾಳೆ, ಅವಳದೂ ಇದೇ ಬಣ್ಣ, ಅಮ್ಮನೂ ಹಾಗೇ ಇದ್ದಳು ಎಂದೆ. "ಸಿಕ್ಕಿಹಾಕ್ಕೊಂಡ ಮೇಲೆ ಕಥೆ ಕಟ್ತೀಯಾ?" ಅನ್ನುತ್ತಾರೆ. ಅಮ್ಮನ ಫೋಟೋ ತೋರಿಸಿದೆ. ಹಳೆಯ ಕಪ್ಪುಬಿಳುಪಿನ ಫೋಟೋ ಅದು, ಅದರಲ್ಲಿ ಯಾರ ಬಣ್ಣ ಯಾರಿಗೆ ತಿಳಿಯುತ್ತದೆ? ನೀನೇ ಬರಬೇಕು. ನಿನ್ನ ಶಾಲೆಯ ಸರ್ಟಿಫಿಕೇಟು, ಆಸ್ಪತ್ರೆಯ ಚೀಟಿ, ಏನಿದೆಯೋ ಎಲ್ಲ ತೆಗೆದುಕೊಂಡು ಬಾ. ನನ್ನ ಪಕ್ಕ ನಿಂತು ಮಗುವನ್ನು ಎತ್ತಿಕೋ, ಸಾಕು. ನಿನ್ನನ್ನೂ ಮಗುವನ್ನೂ ಒಟ್ಟಿಗೆ ನೋಡಿದರೆ ಕುರುಡರಿಗೂ ತಿಳಿಯುತ್ತದೆ.

ನಾನು ಮಾಡಿದ್ದು ಪಾಪ. ಗೊತ್ತು. ಮಗು ಏನು ಮಾಡಿದೆ?

ನಿನ್ನ ಅಕ್ಕ


ಸೆಪ್ಟೆಂಬರ್ 5

ಬರುತ್ತೇನೆ. ಹನ್ನೆರಡನೆಯ ತಾರೀಖಿನ ರೈಲು, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮನೆ ಮುಟ್ಟುತ್ತೇನೆ. ಅಪ್ಪನ ಮಂಡಿ ಸರಿ ಇಲ್ಲ, ಒಬ್ಬಳೇ ಬರುವುದು. ಕಾಗದಗಳೆಲ್ಲ ಸಿಕ್ಕವು. ಮಗುವಿಗೆ ಮೂರು ಅಂಗಿ ಹೊಲಿದಿದ್ದೇನೆ.

ನಿನಗಾಗಿ ಅಲ್ಲ ಎಂದು ಬರೆಯಬೇಕೆಂದು ಕುಳಿತೆ. ಸುಳ್ಳಾಗುತ್ತದೆ. ನಿನಗಾಗಿಯೂ ಹೌದು. ಊಟ ಬಿಡಬೇಡ, ಹಾಲು ಬತ್ತುತ್ತದೆ.

ಪುಟ್ಟಿ


ಸೆಪ್ಟೆಂಬರ್ 18

ಅಕ್ಕ,

ನೀನು ಏನು ಮಾಡಿದೆ ಎಂಬುದನ್ನು ನೀನೇ ಮರೆತುಬಿಡುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಗೇಟು ತೆಗೆದು ಒಳಗೆ ಬಂದೆ. ಹಜಾರದಲ್ಲಿ ನಿನ್ನ ಅತ್ತೆಯ ಜೊತೆ ನಿನ್ನ ನಾದಿನಿ, ಅವಳ ಗಂಡನ ಮನೆಯವರು ಕುಳಿತಿದ್ದರು. ಮಗು ನೋಡಲು ಬಂದವರು. ನನ್ನ ತೋಳಿನಲ್ಲಿ ಅಂಗಿಗಳ ಪೊಟ್ಟಣ. ನೀನು ಒಳಗಿನಿಂದ ಬಂದೆ. ನನ್ನ ಮುಖ ನೋಡಿದೆ, ಅವರ ಮುಖ ನೋಡಿದೆ. "ಮಗು ನೋಡ್ಕೊಳ್ಳೋಕೆ ಆಯಾ ಬಂದಿದ್ದಾಳೆ" ಅಂದೆ. ಆಮೇಲೆ ನನಗೆ, "ಹಿಂದಿನ ಬಾಗಿಲಿಂದ ಬಾ" ಅಂದೆ.

ಹೋದೆ ನಾನು. ಹಿಂದಿನ ಬಾಗಿಲಿಂದಲೇ ಹೋದೆ. ಯಾಕೆಂದರೆ ಒಳಗೆ ಮಗು ಅಳುತ್ತಿತ್ತು. ಎತ್ತಿಕೊಂಡೆ, ಮೈ ತೊಳೆದೆ, ಅಂಗಿ ತೊಡಿಸಿದೆ. ನನ್ನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ ಅದು. ನೀನು ಒಂದು ಸಲ ಬಂದು ಕಿವಿಯಲ್ಲಿ, "ಬೇಜಾರು ಮಾಡ್ಕೋಬೇಡ್ವೇ, ಅವರೆಲ್ಲ ಹೋದ್ಮೇಲೆ ಹೇಳೋಣ, ಮನೆ ಮಾನ ಹೋಗುತ್ತೆ" ಅಂದೆ. ಎದುರಿಗೇ ನನ್ನ ಮಾನ ಹೋಗುತ್ತಿದ್ದದ್ದು ನಿನಗೆ ಕಾಣಲಿಲ್ಲ.

ಅವರು ಹೋದರು. ನಿನ್ನ ಅತ್ತೆ, ನಿನ್ನ ಗಂಡ ಬಂದು ಕುಳಿತರು. ನನ್ನ ಭುಜ ಹಿಡಿದು ನಿನ್ನ ಪಕ್ಕಕ್ಕೆ ಎಳೆದುಕೊಂಡು, "ಇವಳೇ ನನ್ನ ತಂಗಿ" ಅಂದೆ. ನಿನ್ನ ಅತ್ತೆ ನಕ್ಕರು. "ಆವತ್ತು ಸಾಕಿದ ಹುಡುಗಿ, ಮಧ್ಯಾಹ್ನ ಆಯಾ, ಸಂಜೆ ತಂಗಿ. ನಾಳೆ ಏನು?" ಅಂದರು. ಆಮೇಲೆ ನನ್ನನ್ನೇ ಕೇಳಿದರು. "ನೀನು ಹೇಳಮ್ಮಾ. ಇವಳು ನಿನ್ನ ಒಡಹುಟ್ಟಿದವಳಾ?"

ಕಾಗದಗಳು ಚೀಲದಲ್ಲಿದ್ದವು. ಕೈ ಹಾಕಿದರೆ ಸಿಗುತ್ತಿದ್ದವು.

"ಅಲ್ಲ" ಅಂದೆ.

ನಿನ್ನ ಮುಖ ನೋಡಬೇಕಿತ್ತು ನೀನು. ನಾನಂತೂ ನೋಡಿದೆ, ಕಣ್ತುಂಬಾ ನೋಡಿದೆ. ಮಗುವನ್ನು ಮಂಚದ ಮೇಲೆ ಮಲಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಈ ಸಲ ಮುಂದಿನ ಬಾಗಿಲಿಂದ. ರೈಲಿನಲ್ಲಿ ದಾರಿಯುದ್ದಕ್ಕೂ ಸಂತೋಷವಾಗಿತ್ತು ನನಗೆ. ಎಷ್ಟು ಸಂತೋಷ ಎಂದರೆ ಎದುರಿಗೆ ಕುಳಿತವರು, "ಏನಮ್ಮಾ, ಮದುವೆ ಮನೆಯಿಂದ ಬಂದ್ರಾ?" ಎಂದು ಕೇಳಿದರು.


ಸೆಪ್ಟೆಂಬರ್ 29

ಪುಟ್ಟಿಗೆ,

ಮಗು ಇರುವುದಾದರೆ ನಾನು ಇರುವ ಹಾಗಿಲ್ಲ, ನಾನು ಇರುವುದಾದರೆ ಮಗು ಇರುವ ಹಾಗಿಲ್ಲ ಅಂದರು. ನನ್ನನ್ನು ಬೀದಿಗೆ ಹಾಕಿದರೆ ಅವರ ಮಾನವೂ ಹೋಗುತ್ತದಲ್ಲ, ಅದಕ್ಕೇ ಇಷ್ಟು ಕೃಪೆ. ನಾನು ಇರುತ್ತೇನೆ ಅಂದೆ. ಬೇರೆ ಎಲ್ಲಿಗೆ ಹೋಗಲಿ? ತವರಿನಲ್ಲಿ ನೀನಿದ್ದೀಯ.

ಮಗು ಜ್ವರ ಬಂದು ತೀರಿಕೊಂಡಿತು ಎಂದು ಊರಿಗೆಲ್ಲ ಹೇಳಿದ್ದಾರೆ. ಬಂದವರೆದುರು ನಾನೂ ಅಳುತ್ತಿದ್ದೇನೆ. ಅಳುವುದಕ್ಕೇನೂ ಕಷ್ಟವಾಗುತ್ತಿಲ್ಲ.

ಈ ಕಾಗದ ಮಗುವಿನ ಜೊತೆಗೇ ಬರುತ್ತದೆ. ಆಸ್ಪತ್ರೆಯ ಹಳೆಯ ಆಯಾ ಒಬ್ಬಳು ತಂದು ಬಿಡುತ್ತಾಳೆ. ಹಾಲಿನ ಪುಡಿಯ ಡಬ್ಬದ ಮೇಲೆ ಅಳತೆ ಬರೆದಿದೆ. ಎಡಗಡೆ ಮಲಗಿಸಿದರೆ ಬೇಗ ನಿದ್ದೆ ಬರುತ್ತದೆ. ಹೆಸರು ಇಟ್ಟಿಲ್ಲ.

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು ನೀನು.


ಅಕ್ಟೋಬರ್ 10

ಅಕ್ಕಾ,

ಮಗು ತಲುಪಿತು. ಕ್ಷೇಮವಾಗಿದೆ. ಮೊದಲ ಎರಡು ದಿನ ಬಾಟಲಿ ಬಾಯಿಗೆ ಇಟ್ಟರೆ ಉಗುಳುತ್ತಿತ್ತು, ಎದೆ ಹುಡುಕುತ್ತಿತ್ತು. ನನ್ನ ಎದೆಗೆ ಮುಖ ಒತ್ತಿ ಒತ್ತಿ ಅತ್ತಿತು. ಅಪ್ಪ ಕಿವಿ ಮುಚ್ಚಿಕೊಂಡು ಅಂಗಳದಲ್ಲಿ ಕುಳಿತರು. ಈಗ ಕುಡಿಯುತ್ತದೆ.

ನಾನು "ಅಲ್ಲ" ಅಂದದ್ದು ನಿನ್ನ ಮೇಲೆ ಬೀಳಲಿ ಎಂದು. ಬಿದ್ದದ್ದು ಇವಳ ಮೇಲೆ. ರೈಲಿನಲ್ಲಿ ನಕ್ಕೆನಲ್ಲ, ಆ ನಗುವಿಗೆ ನನ್ನನ್ನು ಸುಡಬೇಕು. ಕೋಪ ಬಂದರೆ ಎದುರಿಗೆ ಯಾರಿದ್ದಾರೆ ಎಂಬುದೇ ನನಗೆ ಕಾಣುವುದಿಲ್ಲ. ಮಂಚದ ಮೇಲೆ ಮಲಗಿಸುವಾಗ ಅವಳು ನನ್ನ ಬೆರಳು ಬಿಟ್ಟಿರಲಿಲ್ಲ, ಬಿಡಿಸಿಕೊಂಡೆ ನಾನು.

ಇನ್ನೂ ಕೆಟ್ಟಿಲ್ಲ. ನಾನು ಮತ್ತೆ ಬರುತ್ತೇನೆ. ಅಪ್ಪನನ್ನು ಎತ್ತಿಕೊಂಡಾದರೂ ಬರುತ್ತೇನೆ. ಕಾಗದಗಳನ್ನು ನಿನ್ನ ಅತ್ತೆಯ ಕೈಗೇ ಕೊಟ್ಟು, ನಿಮ್ಮ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತೇನೆ, ಇವಳು ನನ್ನ ಅಕ್ಕ, ಇದು ನನ್ನ ಅಕ್ಕನ ಮಗು ಎಂದು. ಆಯಾ ಅನ್ನು, ಕಸ ಗುಡಿಸುವವಳು ಅನ್ನು, ಏನಾದರೂ ಅನ್ನು. ಇಲ್ಲವೇ ನೀನೇ ಬಂದುಬಿಡು. ನಾನಿದ್ದೇನೆ ಎಂದು ಬರದೆ ಇರಬೇಡ. ಬೇಕಾದರೆ ನಾನು ಕಾರ್ಖಾನೆಯ ಹತ್ತಿರ ಒಂದು ಕೋಣೆ ಮಾಡಿಕೊಂಡು ಹೋಗುತ್ತೇನೆ.

ಮಗುವನ್ನು ಬಿಟ್ಟು ಬರಲಾಗದೆ ನಿನ್ನೆ ಕೆಲಸಕ್ಕೆ ಎತ್ತಿಕೊಂಡೇ ಹೋದೆ. ಎಲ್ಲರೂ ಒಂದು ಸಲ ಅವಳನ್ನು, ಒಂದು ಸಲ ನನ್ನನ್ನು ನೋಡಿದರು. ಮೇಸ್ತ್ರಿ ಹತ್ತಿರ ಬಂದು ಮೆತ್ತಗೆ, "ನಿಂದೇನಮ್ಮಾ?" ಅಂದರು. ಅಕ್ಕನದು ಅಂದರೆ ನಿನ್ನ ಮನೆ ಮುರಿಯುತ್ತದೆ. ನನ್ನದೇ ಅಂದೆ. ದಿನವೂ ಅವರ ಕಣ್ಣೆದುರೇ ಕೆಲಸ ಮಾಡಿದವಳು ನಾನು, ಆದರೂ ನಂಬಿದರು. ಈ ಬಣ್ಣಕ್ಕೆ ಯಾರು ಬೇರೆ ಸಾಕ್ಷಿ ಕೇಳುತ್ತಾರೆ? ಇನ್ನು ನನ್ನನ್ನು ನೋಡಲು ಯಾರೂ ಬರುವುದಿಲ್ಲ, ಆ ತಲೆನೋವು ಮುಗಿಯಿತು.

ನನ್ನ ಮೇಲೆ ಎಷ್ಟು ಸಿಟ್ಟಿದ್ದರೂ ಇರಲಿ. ಹೂಂ ಅಂತ ಒಂದು ಸಾಲು ಬರೆ, ಹೊರಡುತ್ತೇನೆ. ಅವಳನ್ನು ಏನೆಂದು ಕರೆಯಲಿ?

ನಿನ್ನ ತಂಗಿ


ಮರುವರ್ಷ, ಆಗಸ್ಟ್ 21

ಪುಟ್ಟಿಗೆ,

ಇಷ್ಟು ದಿನ ಬರೆಯಲಿಲ್ಲ ಎಂದು ತಪ್ಪು ತಿಳಿಯಬೇಡ. ನಿನ್ನ ಕಾಗದಗಳೆಲ್ಲ ಬಂದವು. ಮೊದಲನೆಯದನ್ನು ಓದಿದೆ. ಆಮೇಲಿನವನ್ನು ಒಡೆಯುವ ಧೈರ್ಯ ಬರಲಿಲ್ಲ, ಒಲೆಗೆ ಹಾಕಿದೆ. ಹೆಸರು ಇಟ್ಟಿದ್ದರೆ ಬರೆಯಬೇಡ, ತಿಳಿದರೆ ನನಗೆ ಕಷ್ಟ.

ನನಗೆ ಮತ್ತೆ ಐದು ತಿಂಗಳು. ಅತ್ತೆ ಈಗ ಸ್ವಲ್ಪ ಮೆತ್ತಗಾಗಿದ್ದಾರೆ. ನಿನ್ನ ಭಾವನೂ ಒಳಗೇ ಮಲಗುತ್ತಾರೆ. ಮೊನ್ನೆ ಊಟಕ್ಕೆ ಕುಳಿತಾಗ ಅತ್ತೆ ತಾವಾಗಿಯೇ, "ಕೆಲವು ಮಕ್ಕಳು ವರ್ಷ ತುಂಬೋ ಹೊತ್ತಿಗೆ ತಿಳಿಯಾಗ್ತವಂತೆ. ಅದರ ಬಣ್ಣ ಏನಾದ್ರೂ ತಿರುಗಿದ್ರೆ ದೂರದ ಸಂಬಂಧಿಕರ ಮಗು ಅಂತ ಕರೆಸ್ಕೋಬಹುದು" ಅಂದರು. ಆವತ್ತಿನಿಂದ ನಿದ್ದೆಯಿಲ್ಲ.

ಮೊನ್ನೆಗೆ ಅವಳಿಗೆ ಒಂದು ವರ್ಷ. ಬಿಸಿಲಿಗೆ ಬಿಡುತ್ತಿಲ್ಲ ತಾನೇ? ನಿಜ ಹೇಳು ಪುಟ್ಟಿ, ಸ್ವಲ್ಪವಾದರೂ ತಿಳಿಯಾಗಿದ್ದಾಳಾ? ಆಗಿದ್ದರೆ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆಸಿ ಕಳಿಸು, ನೀನು ಎತ್ತಿಕೊಳ್ಳಬೇಡ, ಒಬ್ಬಳನ್ನೇ ಕೂರಿಸಿ ತೆಗೆಸು. ಆಗಿರದಿದ್ದರೆ ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ನಾನೇ ತಿಳಿದುಕೊಳ್ಳುತ್ತೇನೆ.

ಅಕ್ಕ